ಬೆನ್ನಿಗೆ ಚೀಲ, ಬೆಟ್ಟದತ್ತ ಹೆಜ್ಜೆ: ಹೊಸ ಚಾರಣಿಗರಿಗೊಂದು ಕೈಪಿಡಿ

ಊಟ, ಉಡುಪು, ಹಾಸಿಗೆಗಳನ್ನೆಲ್ಲ ಬೆನ್ನುಚೀಲದಲ್ಲಿ ಹೊತ್ತು, ಒಂದೆರಡು ದಿನ ಕಾಲ್ನಡಿಗೆಯಲ್ಲೇ ಬೆಟ್ಟ-ಕಾಡುಗಳನ್ನು ಸುತ್ತಿ ಬರುವ ಹವ್ಯಾಸಕ್ಕೆ ಕನ್ನಡದಲ್ಲಿ ಚಾರಣ ಎಂಬ ಹೆಸರು ನೆಲೆಗೊಂಡಿದೆ. ರಾಜ್ಯದ ಯಾವುದೇ ದೊಡ್ಡ ನಗರದಿಂದ ರಾತ್ರಿ ಬಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಸಹ್ಯಾದ್ರಿಯ ಯಾವುದಾದರೊಂದು ಶಿಖರದ ಬುಡವನ್ನು ತಲುಪಬಹುದು. ಈ ಅನುಕೂಲದಿಂದಾಗಿ, ವಾರಾಂತ್ಯದಲ್ಲಿ ಬೆಟ್ಟಗಳತ್ತ ಮುಖ ಮಾಡುವ ನಗರವಾಸಿಗಳ ಸಂಖ್ಯೆ ಹೆಚ್ಚಿದೆ.

ಚಾರಣಕ್ಕೆ ಅಸಾಮಾನ್ಯ ದೇಹಬಲ ಬೇಕಿಲ್ಲ. ದಿನಕ್ಕೆ ಏಳೆಂಟು ಕಿ.ಮೀ. ನಡೆಯಬಲ್ಲ ಆರೋಗ್ಯವಂತರು ಕೆಲವು ವಾರಗಳ ಸಿದ್ಧತೆಯಿಂದ ಮಲೆನಾಡಿನ ಹಲವು ಶಿಖರಗಳನ್ನು ಏರಬಹುದು. ಹೊಸಬರನ್ನು ಸಂಕಟಕ್ಕೆ ಸಿಲುಕಿಸುವ ಕಾರಣಗಳು ಸಾಮಾನ್ಯವಾಗಿ ಮೂರು: ಹೆಚ್ಚಾದ ಹೊರೆ, ಕಡಿಮೆಯಾದ ನೀರು, ತಪ್ಪಿದ ಸಮಯದ ಲೆಕ್ಕ. ಈ ಮೂರನ್ನೂ ಹೊರಡುವ ಮೊದಲೇ, ಮನೆಯಲ್ಲಿ ಕುಳಿತು ಲೆಕ್ಕ ಹಾಕಲು ಸಾಧ್ಯ. ಆ ಲೆಕ್ಕಾಚಾರವೇ ಚಾರಣದ ಮೊದಲ ಪಾಠ.

ಎತ್ತರ ಬೇರೆ, ಏರು ಬೇರೆ

ಶಿಖರದ ಎತ್ತರವನ್ನು ನೋಡಿ ಚಾರಣದ ಕಷ್ಟವನ್ನು ಅಳೆಯುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ. ಆದರೆ ವಾಹನಗಳ ರಸ್ತೆ ನೆತ್ತಿಯ ಸಮೀಪದವರೆಗೂ ಹೋಗುವುದರಿಂದ ಕೆಲವು ನೂರು ಮೆಟ್ಟಿಲು ಹತ್ತಿದವರೂ ತುದಿ ಮುಟ್ಟುತ್ತಾರೆ. ಪುಷ್ಪಗಿರಿ ವನ್ಯಜೀವಿಧಾಮದಲ್ಲಿರುವ ಕುಮಾರ ಪರ್ವತದ ಎತ್ತರ 1,712 ಮೀಟರ್, ಅಂದರೆ ಮುಳ್ಳಯ್ಯನಗಿರಿಗಿಂತ ಇನ್ನೂರು ಮೀಟರಿಗೂ ಹೆಚ್ಚು ಕಡಿಮೆ. ಆದರೆ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹೊರಡುವವರು ಕರಾವಳಿಯ ಅಂಚಿನ ತಗ್ಗಿನಿಂದ ಸುಮಾರು 1,500 ಮೀಟರ್ ಏರಬೇಕು. ರಾಜ್ಯದ ಕಠಿಣ ಚಾರಣಗಳಲ್ಲಿ ಇದು ಒಂದೆಂಬ ಹೆಸರು ಬಂದಿರುವುದು ಈ ಏರಿನ ಕಾರಣಕ್ಕೆ.

ಆದ್ದರಿಂದ ಹೊಸಬರು ಹಂತ ಹಂತವಾಗಿ ಮುಂದುವರಿಯುವುದು ಲೇಸು. ಮೊದಲು ಶಿವಗಂಗೆ, ಸಾವನದುರ್ಗದಂತಹ ಬೆಟ್ಟಗಳನ್ನು ಅರ್ಧ ದಿನದಲ್ಲಿ ಹತ್ತಿ ಇಳಿದು ಕಾಲು, ಉಸಿರುಗಳ ಶಕ್ತಿಯನ್ನು ಅರಿಯಬೇಕು. ಎರಡನೆಯ ಹಂತದಲ್ಲಿ ಕೊಲ್ಲೂರು ಸಮೀಪದ 1,343 ಮೀಟರ್ ಎತ್ತರದ ಕೊಡಚಾದ್ರಿ ಅಥವಾ ಕೊಡಗಿನ ಅತ್ಯುನ್ನತ ಶಿಖರವಾದ 1,748 ಮೀಟರ್ ಎತ್ತರದ ತಡಿಯಂಡಮೋಳ್ ಸೂಕ್ತ. ಕಕ್ಕಬ್ಬೆ ಸಮೀಪದ ನಾಲ್ಕುನಾಡು ಅರಮನೆಯ ಬಳಿಯಿಂದ ಹೊರಡುವ ತಡಿಯಂಡಮೋಳ್ ದಾರಿಯಲ್ಲಿ ಮೊದಲ ಭಾಗ ನಿಧಾನವಾಗಿ ಏರುತ್ತದೆ. ಕಡಿದಾದ ಏರು ಎದುರಾಗುವುದು ಕೊನೆಯಲ್ಲಿ. ಮೂರನೆಯ ಹಂತದಲ್ಲಿ, ಮುಳ್ಳೋಡಿಯಿಂದ ಹೋಗಿ ಬರಲು ಸುಮಾರು 20 ಕಿ.ಮೀ. ಆಗುವ ಕುದುರೆಮುಖ ಶಿಖರ. ಕುಮಾರ ಪರ್ವತ ಇವೆಲ್ಲದರ ನಂತರದ್ದು.

ಸಮಯದ ಲೆಕ್ಕ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ರೂಪಿಸಿದ ಸರಳ ಸೂತ್ರವೊಂದು ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಮೆಟ್ರಿಕ್ ಮಾಪನದಲ್ಲಿ ಅದರ ರೂಪ ಹೀಗಿದೆ: ಪ್ರತಿ 5 ಕಿ.ಮೀ. ದೂರಕ್ಕೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ.

ಕುಕ್ಕೆಯಿಂದ ಕುಮಾರ ಪರ್ವತಕ್ಕೆ ಇದನ್ನು ಅನ್ವಯಿಸೋಣ. ದೂರ ಸುಮಾರು 12 ಕಿ.ಮೀ. ಎಂದುಕೊಂಡರೆ ಅದಕ್ಕೆ ಎರಡೂವರೆ ಗಂಟೆ, 1,500 ಮೀಟರ್ ಏರಿಗೆ ಮತ್ತೆ ಎರಡೂವರೆ ಗಂಟೆ. ಒಟ್ಟು 5 ಗಂಟೆ. ಇದು ಪಳಗಿದ ಕಾಲುಗಳಿಗೆ, ವಿಶ್ರಾಂತಿಯನ್ನು ಹಿಡಿಯದೆ ಹಾಕಿದ ಲೆಕ್ಕ. ಚೀಲ ಹೊತ್ತ ಹೊಸಬರು ಇದರ ಅರ್ಧದಷ್ಟು ಸಮಯವನ್ನು ಹೆಚ್ಚುವರಿಯಾಗಿ ಸೇರಿಸಿಕೊಳ್ಳಬೇಕು. ಅಂದರೆ ಏರಲು ಏಳೂವರೆ ಗಂಟೆ, ಇಳಿಯಲು ಐದಾರು ಗಂಟೆ. ಚಳಿಗಾಲದಲ್ಲಿ ನಮ್ಮಲ್ಲಿ ಹಗಲು ಸುಮಾರು ಹನ್ನೊಂದೂವರೆ ಗಂಟೆ ಮಾತ್ರ. ಒಂದೇ ದಿನದಲ್ಲಿ ಈ ಶಿಖರವನ್ನು ಹತ್ತಿ ಇಳಿಯಹೊರಟ ಹೊಸಬರು ಕೊನೆಯ ಕೆಲವು ಕಿ.ಮೀ.ಗಳನ್ನು ಕತ್ತಲೆಯಲ್ಲಿ, ಸೋತ ಮೊಣಕಾಲುಗಳಿಂದ, ಬೇರು-ಕಲ್ಲುಗಳ ನಡುವೆ ಇಳಿಯಬೇಕಾಗುವುದು ಏಕೆಂಬುದು ಈ ಸರಳ ಕೂಡುಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಈ ಲೆಕ್ಕದಿಂದ ಹೊರಡುವ ನಿಯಮ 'ಹಿಂದಿರುಗುವ ಗಂಟೆ'. ತಂಡವು ಎಲ್ಲಿಯೇ ಇರಲಿ, ಮೊದಲೇ ನಿಗದಿಪಡಿಸಿದ ಹೊತ್ತಿಗೆ ಹಿಂದಕ್ಕೆ ಹೆಜ್ಜೆ ಹಾಕಬೇಕು. ಶಿಖರ ಕಣ್ಣೆದುರಿಗೇ ಇದ್ದರೂ ಈ ನಿಯಮಕ್ಕೆ ವಿನಾಯಿತಿ ಇಲ್ಲ. ಹೊಸಬರಿಗೆ ಪಾಲಿಸಲು ಅತ್ಯಂತ ಕಷ್ಟವೆನಿಸುವ ನಿಯಮವೂ ಇದೇ, ಪ್ರಾಣ ಕಾಯುವ ನಿಯಮವೂ ಇದೇ.

ಅನುಮತಿ ಮತ್ತು ಋತು

ಪಶ್ಚಿಮ ಘಟ್ಟದ ಬಹುತೇಕ ಪ್ರಮುಖ ಚಾರಣ ಪಥಗಳು ವನ್ಯಜೀವಿಧಾಮ, ರಾಷ್ಟ್ರೀಯ ಉದ್ಯಾನ ಅಥವಾ ಮೀಸಲು ಅರಣ್ಯದೊಳಗೆ ಹಾದುಹೋಗುತ್ತವೆ. ಅನುಮತಿಯಿಲ್ಲದೆ ಇವುಗಳನ್ನು ಪ್ರವೇಶಿಸುವುದು ಅಪರಾಧ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜಾದಿನಗಳಂದು ಕುಮಾರ ಪರ್ವತದ ಬುಡದಲ್ಲಿ ಭಾರಿ ಸಂಖ್ಯೆಯ ಜನ ಒಮ್ಮೆಗೇ ನೆರೆದದ್ದು ವ್ಯಾಪಕ ಚರ್ಚೆಗೆ ಕಾರಣವಾಯಿತು. ಆನಂತರ ಆನ್‌ಲೈನ್ ನೋಂದಣಿ ಇಲ್ಲದ ಪಥಗಳಲ್ಲಿ ಚಾರಣವನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣದ ಮೂಲಕ ಮುಂಗಡ ನೋಂದಣಿ ವ್ಯವಸ್ಥೆ ಜಾರಿಗೆ ಬಂದು, ಒಂದು ಪಥಕ್ಕೆ ದಿನಕ್ಕೆ ಗರಿಷ್ಠ 300 ಮಂದಿ ಎಂಬ ಮಿತಿ ವಿಧಿಸಲಾಯಿತು. ಕಾಳ್ಗಿಚ್ಚಿನ ಭೀತಿಯಿರುವ ಬೇಸಿಗೆಯಲ್ಲೂ ಭಾರಿ ಮಳೆಯ ದಿನಗಳಲ್ಲೂ ಪಥಗಳನ್ನು ಮುಚ್ಚುವುದುಂಟು. ಹೀಗಾಗಿ ಪ್ರಯಾಣದ ಟಿಕೆಟ್ ಕಾಯ್ದಿರಿಸುವ ಮೊದಲೇ ಪಥ ತೆರೆದಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಕಾಡಿನೊಳಗೆ ಗುಡಾರ ಹಾಕುವುದಕ್ಕೂ ಬೆಂಕಿ ಹೊತ್ತಿಸುವುದಕ್ಕೂ ಅವಕಾಶವಿದೆಯೆಂದು ಊಹಿಸಿಕೊಳ್ಳುವಂತಿಲ್ಲ. ಒಣಗಿದ ಹುಲ್ಲುಗಾವಲಿನಲ್ಲಿ ಒಂದು ಕಿಡಿ ಇಡೀ ಗುಡ್ಡವನ್ನು ಸುಡಬಲ್ಲದು. ಅರಣ್ಯದ ಅಂಚಿನ ಹಳ್ಳಿಗಳಲ್ಲಿನ ಹೋಮ್‌ಸ್ಟೇಗಳಲ್ಲಿ ತಂಗಿ, ನಸುಕಿನಲ್ಲಿ ಹೊರಟು ಸಂಜೆಯೊಳಗೆ ಮರಳುವುದು ಹೊಸಬರಿಗೆ ಸುರಕ್ಷಿತ ಕ್ರಮ. ಋತುಗಳ ಪೈಕಿ ಅಕ್ಟೋಬರ್‌ನಿಂದ ಜನವರಿಯವರೆಗಿನ ಅವಧಿ ಪ್ರಶಸ್ತ. ಆಗ ಹಳ್ಳಗಳಲ್ಲಿ ನೀರಿರುತ್ತದೆ, ಬಿಸಿಲು ಸಹ್ಯವಾಗಿರುತ್ತದೆ.

ಚೀಲ ಮತ್ತು ಅದರ ತೂಕ

ಎರಡು ದಿನಗಳ ಚಾರಣಕ್ಕೆ 40ರಿಂದ 50 ಲೀಟರ್ ಗಾತ್ರದ ಚೀಲ ಸಾಕು. ಚೀಲ ದೊಡ್ಡದಾದಷ್ಟೂ ಅದನ್ನು ತುಂಬುವ ಆಸೆ ಬೆಳೆಯುತ್ತದೆ. ಕೊಳ್ಳುವಾಗ ಮುಖ್ಯವಾಗಿ ಪರೀಕ್ಷಿಸಬೇಕಾದದ್ದು ಸೊಂಟಪಟ್ಟಿಯನ್ನು. ಸರಿಯಾಗಿ ಬಿಗಿದ ಪಟ್ಟಿಯು ಸೊಂಟದ ಮೂಳೆಗಳ ಮೇಲೆ ಕುಳಿತು ಭಾರದ ಹೆಚ್ಚಿನ ಪಾಲನ್ನು ಕಾಲುಗಳಿಗೆ ವರ್ಗಾಯಿಸುತ್ತದೆ. ಹೆಗಲಪಟ್ಟಿಗಳು ಚೀಲವನ್ನು ಬೆನ್ನಿಗೆ ಒತ್ತಿ ಹಿಡಿದರೆ ಸಾಕು. ಕಾಲೇಜು ಚೀಲಗಳಿಗೆ ಇಂತಹ ಪಟ್ಟಿ ಇರುವುದಿಲ್ಲವಾದ್ದರಿಂದ ಇಡೀ ಭಾರ ಹೆಗಲು, ಕತ್ತುಗಳ ಮೇಲೆ ಬಿದ್ದು ಕೆಲವೇ ಗಂಟೆಗಳಲ್ಲಿ ನೋವು ಶುರುವಾಗುತ್ತದೆ.

ಹೊರೆಯು ದೇಹತೂಕದ ಐದನೆಯ ಒಂದು ಭಾಗವನ್ನು ಮೀರಬಾರದೆಂಬುದು ಚಾರಣಿಗರ ನಡುವೆ ರೂಢಿಯಲ್ಲಿರುವ ಮಿತಿ. 60 ಕಿಲೋ ತೂಕದವರಿಗೆ ಇದು 12 ಕಿಲೋ. ಗುಡಾರಸಹಿತ ಎರಡು ದಿನಗಳ ಚಾರಣಕ್ಕೆ ಒಬ್ಬರ ಹೊರೆ ಸುಮಾರಾಗಿ ಹೀಗಿರುತ್ತದೆ: ಖಾಲಿ ಚೀಲ ಒಂದೂವರೆ ಕಿಲೋ, ಗುಡಾರದ ಪಾಲು ಒಂದೂವರೆ ಕಿಲೋ, ಸ್ಲೀಪಿಂಗ್ ಬ್ಯಾಗ್ ಮತ್ತು ಚಾಪೆ ಒಂದೂವರೆ ಕಿಲೋ, ಬಟ್ಟೆ ಹಾಗೂ ಮಳೆಯಂಗಿ 2 ಕಿಲೋ, ಆಹಾರ ಒಂದೂವರೆ ಕಿಲೋ, ನೀರು 2 ಕಿಲೋ, ಔಷಧ-ಟಾರ್ಚ್-ತಟ್ಟೆ ಇತ್ಯಾದಿ 1 ಕಿಲೋ. ಒಟ್ಟು 11 ಕಿಲೋ. ಇಷ್ಟಕ್ಕೇ ಮಿತಿ ಹತ್ತಿರವಾಗುವುದರಿಂದ ಎರಡನೆಯ ಜೊತೆ ಜೀನ್ಸ್, ಸ್ಪೀಕರ್, ಗಾಜಿನ ಬಾಟಲಿಗಳಿಗೆ ಇಲ್ಲಿ ಸ್ಥಳವಿಲ್ಲ. ಹೋಮ್‌ಸ್ಟೇಯಲ್ಲಿ ತಂಗುವವರ ಚೀಲ ಇದರ ಅರ್ಧಕ್ಕೆ ಇಳಿಯುತ್ತದೆ. ಹೊರಡುವ ಹಿಂದಿನ ದಿನ ಚೀಲವನ್ನು ತಕ್ಕಡಿಯಲ್ಲಿಟ್ಟು ತೂಗುವುದನ್ನು ಮರೆಯಬಾರದು.

ತುಂಬುವುದಕ್ಕೂ ಕ್ರಮವಿದೆ. ರಾತ್ರಿ ಮಾತ್ರ ಬೇಕಾಗುವ ಹಗುರ ಹಾಸಿಗೆ ತಳದಲ್ಲಿ, ಭಾರವಾದ ಆಹಾರ-ನೀರು ಮಧ್ಯದಲ್ಲಿ ಬೆನ್ನಿಗೆ ತಾಗಿಕೊಂಡಂತೆ, ಮಳೆಯಂಗಿ ಹಾಗೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮೇಲ್ಭಾಗದಲ್ಲಿ. ಭಾರ ಬೆನ್ನಿನಿಂದ ದೂರವಾದಷ್ಟೂ ಚೀಲ ಹಿಂದಕ್ಕೆ ಎಳೆಯುತ್ತದೆ. ಹೊರಗೆ ಮಳೆಹೊದಿಕೆ ಇದ್ದರೂ ಒಳಗಿನ ಬಟ್ಟೆಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಬೇಕು.

ಪಾದ, ಬಟ್ಟೆ, ಇಂಬಳ

ಹೊಸ ಬೂಟನ್ನು ಚಾರಣದ ದಿನವೇ ಮೊದಲ ಬಾರಿಗೆ ತೊಟ್ಟರೆ ಗುಳ್ಳೆಗಳು ಏಳುವುದು ಬಹುತೇಕ ನಿಶ್ಚಿತ. ಎರಡು ವಾರ ಮೊದಲೇ ತೊಟ್ಟು ನಡೆದು ಪಳಗಿಸಿಕೊಳ್ಳಬೇಕು. ಇಳಿಯುವಾಗ ಬೆರಳುಗಳು ಮುಂದಕ್ಕೆ ಜಾರುವುದರಿಂದ ಬೂಟಿನ ತುದಿಯಲ್ಲಿ ಬೆರಳಗಲದಷ್ಟು ಜಾಗವಿರಬೇಕು. ಚರ್ಮ ಉರಿಯತೊಡಗಿದ ಕೂಡಲೇ ನಿಂತು ಅಲ್ಲಿಗೆ ಅಂಟುಪಟ್ಟಿ ಹಾಕಿದರೆ ಗುಳ್ಳೆ ಏಳದಂತೆ ತಡೆಯಬಹುದು.

ಹತ್ತಿಬಟ್ಟೆ ಬೆವರನ್ನು ಹೀರಿ ಬೇಗ ಒಣಗದು. ಸಾಮಾನ್ಯವಾಗಿ ಪ್ರತಿ 1,000 ಮೀಟರ್ ಏರಿದಂತೆ ಉಷ್ಣಾಂಶ ಸುಮಾರು 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಇದಕ್ಕೆ ನೆತ್ತಿಯ ಬಿರುಗಾಳಿ, ಒದ್ದೆ ಬಟ್ಟೆ ಸೇರಿದರೆ ಹಿಮವಿಲ್ಲದ ಸಹ್ಯಾದ್ರಿಯಲ್ಲೂ ದೇಹದ ಶಾಖ ಅಪಾಯಕರ ಮಟ್ಟಕ್ಕೆ ಕುಸಿಯಬಹುದು. ತಡೆಯಲಾಗದ ನಡುಕ, ತೊದಲು ಮಾತು, ಮಂಕು ಇದರ ಲಕ್ಷಣಗಳು. ಬೇಗ ಒಣಗುವ ಸಿಂಥೆಟಿಕ್ ಅಂಗಿ, ಅದರ ಮೇಲೆ ಬೆಚ್ಚನೆಯ ಉಣ್ಣೆಯ ಪದರ, ಎಲ್ಲದರ ಮೇಲೆ ಗಾಳಿ-ಮಳೆ ತಡೆಯುವ ಅಂಗಿ ಎಂಬ ಮೂರು ಪದರಗಳ ಉಡುಪು ಯೋಗ್ಯ. ಜೊತೆಗೆ ರಾತ್ರಿಗೆಂದೇ ಮೀಸಲಾದ ಒಂದು ಜೊತೆ ಒಣ ಬಟ್ಟೆ ಇರಲೇಬೇಕು.

ಮಳೆಗಾಲದಲ್ಲೂ ಅದರ ಬೆನ್ನಿಗೂ ಮಲೆನಾಡಿನ ಕಾಡುದಾರಿಗಳಲ್ಲಿ ಇಂಬಳಗಳ ಕಾಟ ಸಾಮಾನ್ಯ. ನೆಲದ ಈ ಜಿಗಣೆಗಳು ರೋಗಕ್ಕಿಂತ ಹೆಚ್ಚಾಗಿ ಭಯವನ್ನು ಹರಡುತ್ತವೆ. ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವನ್ನು ಸೇರಿಸುವುದರಿಂದ ಇಂಬಳ ಬಿಟ್ಟ ಮೇಲೂ ಕೆಲಹೊತ್ತು ರಕ್ತ ಒಸರುತ್ತದೆ. ಕಿತ್ತೆಳೆಯದೆ, ಉಗುರನ್ನು ಅದರ ಬಾಯಿಯ ಕೆಳಗೆ ತೂರಿಸಿ ಸರಿಸಿ, ಗಾಯವನ್ನು ತೊಳೆದು ಒತ್ತಿ ಹಿಡಿದರೆ ಸಾಕು. ಕಾಲುಚೀಲದ ಮೇಲೆ ಹೊಗೆಸೊಪ್ಪು, ಸುಣ್ಣ ಸವರಿಕೊಳ್ಳುವುದು ಮಲೆನಾಡಿಗರ ಹಳೆಯ ಉಪಾಯ.

ಇಂಬಳಕ್ಕಿಂತ ಹೆಚ್ಚು ಎಚ್ಚರ ವಹಿಸಬೇಕಾದದ್ದು ಉಣುಗುಗಳ ಬಗ್ಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಇವುಗಳ ಕಡಿತದಿಂದ ಹರಡುತ್ತದೆ, ಮಾರಣಾಂತಿಕವೂ ಆಗಬಲ್ಲದು. ಅದರ ಹಾವಳಿ ಹೆಚ್ಚಾಗಿ ಕಾಣಿಸಿಕೊಳ್ಳುವ ಡಿಸೆಂಬರ್‌ನಿಂದ ಮೇ ತಿಂಗಳವರೆಗಿನ ಅವಧಿಯ ಆರಂಭ ಚಾರಣದ ಋತುವೇ ಆಗಿರುವುದು ಗಮನಾರ್ಹ. ಪೀಡಿತ ಪ್ರದೇಶಗಳಿಗೆ ಹೋಗುವವರು ಮೈ ಪೂರ್ತಿ ಮುಚ್ಚುವ ಉಡುಪು ತೊಟ್ಟು, ಉಣುಗು ನಿವಾರಕ ತೈಲ ಹಚ್ಚಿಕೊಳ್ಳಬೇಕು. ತರಗೆಲೆಗಳ ಮೇಲೆ ಕೂರಬಾರದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸಿಬ್ಬಂದಿಗೆ ತಿಳಿಸಬೇಕು. ಮರಳಿ ಬಂದ ಎರಡು ವಾರಗಳೊಳಗೆ ತೀವ್ರ ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ನೀರು, ಆಹಾರ

ಕುಮಾರ ಪರ್ವತ, ಕುದುರೆಮುಖಗಳ ದಾರಿಯ ದೊಡ್ಡ ಭಾಗ ಮರದ ನೆರಳಿಲ್ಲದ ಹುಲ್ಲುಗಾವಲು. ಅಲ್ಲಿ ಏರುವವರಿಗೆ ದಿನಕ್ಕೆ 3ರಿಂದ 4 ಲೀಟರ್ ನೀರು ಬೇಕಾಗುತ್ತದೆ. ಅಷ್ಟನ್ನೂ ಹೊರುವುದು ಕಷ್ಟವಾದ್ದರಿಂದ ದಾರಿಯಲ್ಲಿ ನೀರು ಎಲ್ಲೆಲ್ಲಿ ಸಿಗುತ್ತದೆ, ಈ ತಿಂಗಳು ಹಳ್ಳ ಹರಿಯುತ್ತಿದೆಯೇ ಎಂಬುದನ್ನು ಸ್ಥಳೀಯರಿಂದ ಕೇಳಿ ತಿಳಿಯಬೇಕು. ಹಳ್ಳದ ನೀರನ್ನು ಕನಿಷ್ಠ ಒಂದು ನಿಮಿಷ ಕುದಿಸಿ, ಇಲ್ಲವೇ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಬೆವರಿನೊಂದಿಗೆ ಉಪ್ಪಿನಂಶವೂ ಹೋಗುವುದರಿಂದ ಬರಿಯ ನೀರು ಸಾಲದು. ಓಆರ್‌ಎಸ್ ಪುಡಿ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿಕೊಳ್ಳಬಹುದು.

ಆಹಾರದ ವಿಷಯದಲ್ಲಿ ನಮ್ಮ ಅಡುಗೆಮನೆಯೇ ಶ್ರೀಮಂತ. ಚಪಾತಿ-ಚಟ್ನಿಪುಡಿ, ಗೊಜ್ಜವಲಕ್ಕಿ, ಹುರಿಹಿಟ್ಟು, ಕಡಲೆಕಾಯಿ-ಬೆಲ್ಲ, ಒಣದ್ರಾಕ್ಷಿ ಇವೆಲ್ಲ ಹಗುರ, ಕೆಡದವು, ಒಲೆಯ ಹಂಗಿಲ್ಲದವು. ಒಮ್ಮೆಗೇ ಹೊಟ್ಟೆ ತುಂಬಿಸುವುದಕ್ಕಿಂತ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನುತ್ತಾ ಸಾಗುವುದು ಕಾಲುಗಳ ಕಸುವನ್ನು ಕಾಯುತ್ತದೆ.

ನಡಿಗೆಯ ಶಿಸ್ತು

ಪಕ್ಕದವರೊಂದಿಗೆ ಏದುಸಿರಿಲ್ಲದೆ ಮಾತನಾಡಬಲ್ಲ ವೇಗವೇ ಸರಿಯಾದ ವೇಗ. ಗಂಟೆಗೊಮ್ಮೆ ಐದು ನಿಮಿಷ ನಿಂತರೆ ಸಾಕು. ದೀರ್ಘ ವಿಶ್ರಾಂತಿಯಿಂದ ಸ್ನಾಯುಗಳು ಬಿಗಿಯುತ್ತವೆ. ಏರುವಾಗ ಉಸಿರು ಸೋತರೆ, ಇಳಿಯುವಾಗ ಸೋಲುವುದು ಮೊಣಕಾಲು. ಇಳಿಜಾರಿನಲ್ಲಿ ಓಡದೆ, ಸಣ್ಣ ಹೆಜ್ಜೆಗಳನ್ನಿಡುತ್ತಾ, ಊರುಗೋಲಿನ ಆಸರೆ ಪಡೆಯಬೇಕು.

ತಂಡದ ವೇಗವನ್ನು ನಿರ್ಧರಿಸಬೇಕಾದವರು ಅತಿ ನಿಧಾನವಾಗಿ ನಡೆಯುವವರು. ಅನುಭವಿಯೊಬ್ಬರು ಮುಂದೆ, ಮತ್ತೊಬ್ಬರು ಎಲ್ಲರಿಗಿಂತ ಹಿಂದೆ ಇರಬೇಕು. ಹೋಗುವ ದಾರಿ, ಮರಳುವ ಸಮಯಗಳನ್ನು ಮನೆಯವರಿಗೆ ಬರೆದುಕೊಟ್ಟು ಹೊರಡಬೇಕು. ಕಾಡಿನಲ್ಲಿ ಮೊಬೈಲ್ ಸಂಪರ್ಕ ಸಿಗದಿದ್ದರೂ ಮೊದಲೇ ಇಳಿಸಿಕೊಂಡ ನಕ್ಷೆಯ ಮೇಲೆ ಜಿಪಿಎಸ್ ಕೆಲಸ ಮಾಡುತ್ತದೆ. ಸಂಪರ್ಕ ಸಿಕ್ಕೆಡೆ ತುರ್ತು ನೆರವಿನ ಸಂಖ್ಯೆ 112.

ದಾರಿ ತಪ್ಪಿದೆಯೆಂಬ ಅನುಮಾನ ಬಂದೊಡನೆ ನಿಲ್ಲಬೇಕು. ಕೊನೆಯದಾಗಿ ಖಚಿತವಾಗಿ ಗುರುತಿಸಿದ ಸ್ಥಳಕ್ಕೆ ಬಂದ ದಾರಿಯಲ್ಲೇ ಮರಳಬೇಕು. ಹಳ್ಳದ ಗುಂಟ ಇಳಿದರೆ ಊರು ಸಿಗುತ್ತದೆಂಬ ನಂಬಿಕೆ ಪಶ್ಚಿಮ ಘಟ್ಟದಲ್ಲಿ ಅಪಾಯಕಾರಿ. ಇಲ್ಲಿನ ಹಳ್ಳಗಳು ಥಟ್ಟನೆ ಜಲಪಾತವಾಗಿ ಪ್ರಪಾತಕ್ಕೆ ಧುಮುಕುತ್ತವೆ. ಕತ್ತಲಾದರೆ ಅಲೆಯದೆ ಒಂದೆಡೆ ಬೆಚ್ಚಗೆ ಕುಳಿತು, ಮೂರು ಮೂರು ಬಾರಿ ಸೀಟಿ ಊದುತ್ತಾ ನೆರವಿಗೆ ಕಾಯುವುದು ಕ್ಷೇಮ.

ಆನೆ ಎದುರಾದರೆ ಛಾಯಾಚಿತ್ರದ ಆಸೆ ಬಿಟ್ಟು ಸದ್ದಿಲ್ಲದೆ ಹಿಂದೆ ಸರಿಯಬೇಕು. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ರಕ್ತ ಹೀರುವುದು, ಹಗ್ಗದಿಂದ ಬಿಗಿಯುವುದು ಯಾವುದನ್ನೂ ಮಾಡದೆ, ಕಚ್ಚಿದ ಅಂಗವನ್ನು ಅಲುಗಾಡದಂತೆ ಕಟ್ಟಿ, ಪ್ರತಿವಿಷ ದೊರೆಯುವ ಆಸ್ಪತ್ರೆಗೆ ಬೇಗನೆ ಒಯ್ಯಬೇಕು.

ಬೆಟ್ಟದ ಕಸ, ಊರಿನ ನೀರು

ಕುಮಾರ ಪರ್ವತದ ಇಳಿಜಾರುಗಳಲ್ಲಿ ಹುಟ್ಟುವ ಕುಮಾರಧಾರಾ ನದಿ ಕುಕ್ಕೆಯ ಮೂಲಕ ಹರಿದು ನೇತ್ರಾವತಿಯನ್ನು ಸೇರುತ್ತದೆ. ಕುದುರೆಮುಖ ಶ್ರೇಣಿಯ ಗಂಗಾಮೂಲ ತುಂಗಾ, ಭದ್ರಾ, ನೇತ್ರಾವತಿಗಳ ಉಗಮಸ್ಥಾನ. ಬೆಟ್ಟದ ನೆತ್ತಿಯಲ್ಲಿ ಬಿಟ್ಟು ಬಂದ ಕೊಳೆ ಕೆಳಗಿನ ಊರುಗಳ ಕುಡಿಯುವ ನೀರಿಗೇ ಸೇರುತ್ತದೆ. ಹೊತ್ತು ತಂದ ಪ್ರತಿಯೊಂದು ಪೊಟ್ಟಣ, ಬಾಟಲಿಯನ್ನೂ ಹೊತ್ತೇ ಮರಳಬೇಕು. ಶೌಚಕ್ಕೆ ನೀರಿನ ಮೂಲದಿಂದ ಕನಿಷ್ಠ 60 ಮೀಟರ್ ದೂರದಲ್ಲಿ ಗೇಣುದ್ದದ ಗುಂಡಿ ತೋಡಿ ಮುಚ್ಚಬೇಕು. ಹಳ್ಳದಲ್ಲಿ ಸಾಬೂನು ಬಳಸಬಾರದು.

ಹಿಮಾಲಯಕ್ಕೆ ಮುನ್ನ

ಸಹ್ಯಾದ್ರಿಯಲ್ಲಿ ನಾಲ್ಕಾರು ಶಿಖರ ಏರಿದವರ ಮುಂದಿನ ಕನಸು ಸಾಮಾನ್ಯವಾಗಿ ಹಿಮಾಲಯ. ಆದರೆ ಕರ್ನಾಟಕದ ಯಾವ ಶಿಖರವೂ 2,000 ಮೀಟರ್ ಮುಟ್ಟುವುದಿಲ್ಲ. ಎತ್ತರದ ಅಸ್ವಸ್ಥತೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ. ಎಷ್ಟೇ ಗಟ್ಟಿಗರಾದರೂ ಇಲ್ಲಿನ ಅನುಭವ ಈ ಪಾಠವನ್ನು ಕಲಿಸದು. 3,000 ಮೀಟರ್ ಮೀರಿದ ನಂತರ ರಾತ್ರಿ ತಂಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ವಿಶ್ರಾಂತಿ ಪಡೆಯಬೇಕು. ತಲೆನೋವು, ವಾಕರಿಕೆ, ತಲೆಸುತ್ತು ಉಲ್ಬಣಿಸಿದರೆ ಕೆಳಗಿಳಿಯುವುದೇ ಮದ್ದು.

2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ತೆರಳಿದ್ದ ತಂಡವು ಹಿಮಗಾಳಿಗೆ ಸಿಲುಕಿ 9 ಮಂದಿ ಅಸುನೀಗಿದರು. ತಂಡದಲ್ಲಿ ಅನುಭವಿ ಚಾರಣಿಗರೂ ಇದ್ದರು. 4,000 ಮೀಟರಿನ ಮೇಲೆ ಹವಾಮಾನ ಕೆಲವೇ ಗಂಟೆಗಳಲ್ಲಿ ತಿರುಗಿ ಬೀಳುತ್ತದೆ ಎಂಬುದನ್ನು ಆ ದುರಂತ ನಾಡಿಗೆ ನೆನಪಿಸಿತು. ಹಿಮಾಲಯಕ್ಕೆ ಹೋಗಬಯಸುವವರು ಮೊದಲು ತರಬೇತಿ ಪಡೆಯುವುದು ವಿವೇಕ. ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ, ಹೊರಗೆ 1954ರಲ್ಲಿ ಸ್ಥಾಪನೆಯಾದ ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ, 1965ರಲ್ಲಿ ಆರಂಭವಾದ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ ಈ ಕ್ಷೇತ್ರದಲ್ಲಿ ಹೆಸರಾದವು. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಏರ್ಪಡಿಸುವ ಹಿಮಾಲಯ ಚಾರಣಗಳೂ ಹೊಸಬರಿಗೆ ಪರಿಚಿತ ಹೆಬ್ಬಾಗಿಲು.

ಹೊರಡುವ ಮುನ್ನ ನೆನಪಿರಲಿ

* ಅರಣ್ಯ ಇಲಾಖೆಯ ಅನುಮತಿ ಪತ್ರ ಹಾಗೂ ಗುರುತಿನ ಚೀಟಿ
* ತೂಗಿ ನೋಡಿದ ಚೀಲ. ದೇಹತೂಕದ ಐದನೆಯ ಒಂದು ಭಾಗಕ್ಕಿಂತ ಕಡಿಮೆ
* ಕನಿಷ್ಠ 2 ಲೀಟರ್ ನೀರು, ಓಆರ್‌ಎಸ್, ಕ್ಲೋರಿನ್ ಮಾತ್ರೆ
* ಟಾರ್ಚ್, ಹೆಚ್ಚುವರಿ ಬ್ಯಾಟರಿ, ಸೀಟಿ
* ಮಳೆಯಂಗಿ, ಒಂದು ಜೊತೆ ಒಣ ಬಟ್ಟೆ
* ಅಂಟುಪಟ್ಟಿ, ನಂಜುನಿರೋಧಕ, ನಿತ್ಯ ಸೇವಿಸುವ ಔಷಧಗಳು
* ಕಸ ತುಂಬಿ ತರಲು ಒಂದು ಖಾಲಿ ಚೀಲ
* ಕಾಗದದ ಮೇಲೆ ಬರೆದ 'ಹಿಂದಿರುಗುವ ಗಂಟೆ', ಅದರ ಪ್ರತಿ ಮನೆಯವರ ಕೈಯಲ್ಲಿ